ಪಾಲೆಯ ಕೆತ್ತೆ ತೆಗೆಯುವ ಮುನ್ನ ಎಲೆ ಎಣಿಸಿ

ಆಟಿ ತಿಂಗಳು ಹತ್ತಿರವಾಗುತ್ತಿದ್ದಂತೆ ಮುಂಬಯಿಯ ತುಳು-ಕನ್ನಡಿಗರ ಸಂಘ ಸಂಸ್ಥೆಗಳಲ್ಲಿ ‘ಆಟಿಡೊಂಜಿ ದಿನ’ದ ಸಿದ್ಧತೆ ಶುರುವಾಗುತ್ತದೆ. ಸಭಾಗೃಹ ಗೊತ್ತುಪಡಿಸಿದ ಮೇಲೆ ಮಹಿಳಾ ವಿಭಾಗದವರು ಪತ್ರೊಡೆ ಯಾರು ಮಾಡುವುದು, ತಜಂಕ್ ಎಲ್ಲಿ ಸಿಗುತ್ತದೆ, ಮೆಂತೆ ಗಂಜಿಗೆ ಎಷ್ಟು ತೆಂಗಿನಕಾಯಿ ಎಂದು ಪಟ್ಟಿ ಮಾಡುತ್ತಾರೆ. ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಅಮಾವಾಸ್ಯೆಯ ಕಷಾಯಕ್ಕೆ ಪಾಲೆದ ಕೆತ್ತೆ ಎಲ್ಲಿಂದ ತರುವುದು? ಊರಿನಿಂದ ಬಸ್ಸಿನಲ್ಲಿ ಕಟ್ಟು ಕಳುಹಿಸುತ್ತಾರೆ ಎಂದು ಒಬ್ಬರು ಹೇಳಿದರೆ, ‘ಅಷ್ಟು ದೂರ ಯಾಕೆ, ನಮ್ಮ ಸೊಸೈಟಿಯ ಗೇಟಿನ ಬಳಿಯೇ ಪಾಲೆ ಮರ ಉಂಟು’ ಎಂದು ಇನ್ನೊಬ್ಬರು ಹೇಳುತ್ತಾರೆ.

ಎರಡನೆಯವರ ಮಾತು ಸುಳ್ಳೇನಲ್ಲ. ತುಳುವಿನ ಪಾಲೆ, ಕನ್ನಡದ ಹಾಲೆ ಅಥವಾ ಮದ್ದಾಲೆ, ಸಂಸ್ಕೃತದ ಸಪ್ತಪರ್ಣ, ಮರಾಠಿಯ ಸಾತವೀಣ್ ಎಲ್ಲವೂ ಒಂದೇ ಮರ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಆಲ್ಸ್ಟೋನಿಯಾ ಸ್ಕೊಲಾರಿಸ್ ಎಂದು ಹೆಸರು. ಹಿಂದೆ ಮಕ್ಕಳು ಬರೆಯುವ ಹಲಗೆಗಳನ್ನು ಇದರ ಮರದಿಂದ ಮಾಡುತ್ತಿದ್ದುದರಿಂದ ‘ಸ್ಕೊಲಾರಿಸ್’ ಎಂಬ ಪದ ಸೇರಿತು. ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ಪದವಿ ಪಡೆದವರಿಗೆ ಇದರ ಎಲೆಯ ಗೊಂಚಲನ್ನೇ ಕೊಡುವ ಪದ್ಧತಿಯಿತ್ತು. ವರ್ಷವಿಡೀ ಹಸಿರಾಗಿರುವ, ನೆರಳು ಕೊಡುವ, ಹೊಗೆ ಧೂಳು ತಾಳಿಕೊಳ್ಳುವ ಈ ಮರವನ್ನು ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ರಸ್ತೆಬದಿಗೂ ಉದ್ಯಾನಗಳಿಗೂ ಧಾರಾಳವಾಗಿ ನೆಟ್ಟಿದ್ದಾರೆ. ಹಾಗಾಗಿ ಗೇಟಿನ ಬಳಿ ಪಾಲೆ ಇರಬಹುದು. ಆದರೆ ಅದೇ ಗೇಟಿನ ಬಳಿ, ಅದೇ ಕುಟುಂಬಕ್ಕೆ ಸೇರಿದ, ಅದೇ ರೀತಿ ಹಾಲು ಸುರಿಸುವ ಕಣಗಿಲೆಯೂ ಇರಬಹುದು. ಕಣಗಿಲೆಯ ಕಷಾಯ ಕುಡಿದವರ ಹೃದಯದ ಬಡಿತವೇ ತಪ್ಪುತ್ತದೆ.

ಊರಿನಲ್ಲಿ ಈ ಅಪಾಯ ಅಷ್ಟಾಗಿ ಕಾಡುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಹೋಗಿ, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುವ ಕ್ರಮವಿದ್ದರೂ ಹೋಗುತ್ತಿದ್ದವರು ಮರವನ್ನು ಹುಟ್ಟಿನಿಂದ ಕಂಡ ಹಿರಿಯರು. ತೋಟದ ಯಾವ ಮೂಲೆಯಲ್ಲಿ ಯಾವ ಮರ ಎಂಬುದು ಅವರಿಗೆ ಕತ್ತಲಲ್ಲೂ ಗೊತ್ತಿತ್ತು. ಇಲ್ಲಿ ಹಾಗಲ್ಲ. ಸೊಸೈಟಿಯ ಗಿಡಗಳನ್ನು ತಂದದ್ದು ಯಾವುದೋ ನರ್ಸರಿ, ನೆಟ್ಟದ್ದು ಯಾವುದೋ ಗುತ್ತಿಗೆದಾರ. ಹೆಸರು ಹೇಳುವ ಮಾಲಿ ಇನ್ನೊಂದು ಭಾಷೆಯವನು. ಪದ್ಧತಿ ಉಳಿಸಿಕೊಂಡಿದ್ದೇವೆ, ಸಂತೋಷ. ಮರ ಗುರುತಿಸುವ ಕಣ್ಣು ಮಾತ್ರ ಊರಿನಲ್ಲೇ ಉಳಿದಿದೆ.

ಹಾಗಾದರೆ ಪಾಲೆಯನ್ನು ಗುರುತಿಸುವುದು ಹೇಗೆ? ಮೊದಲು ನೋಡಬೇಕಾದದ್ದು ತೊಗಟೆಯನ್ನಲ್ಲ, ರೆಂಬೆಯ ಮೇಲೆ ಎಲೆ ಕುಳಿತಿರುವ ರೀತಿಯನ್ನು. ಪಾಲೆಯ ರೆಂಬೆಯಲ್ಲಿ ಒಂದೇ ಗಂಟಿನಿಂದ ಸುತ್ತಲೂ ಛತ್ರಿಯ ಕಡ್ಡಿಗಳಂತೆ ಎಲೆಗಳು ಹೊರಡುತ್ತವೆ. ಸಪ್ತಪರ್ಣ ಎಂಬ ಹೆಸರಿದ್ದರೂ ಏಳೇ ಇರಬೇಕೆಂದಿಲ್ಲ. ಐದರಿಂದ ಏಳು ಸಾಮಾನ್ಯ, ಒಮ್ಮೊಮ್ಮೆ ನಾಲ್ಕು, ಒಮ್ಮೊಮ್ಮೆ ಹತ್ತರವರೆಗೂ ಇರುತ್ತದೆ. ಎಲೆ ಮೇಲ್ಭಾಗದಲ್ಲಿ ಕಡುಹಸಿರಾಗಿ ಹೊಳೆಯುತ್ತದೆ, ಅಡಿಯಲ್ಲಿ ಮಾಸಲು. ತುದಿ ಮೊಂಡು, ಬುಡದ ಕಡೆಗೆ ಸಪೂರ. ನಡುನರದಿಂದ ಅಂಚಿನವರೆಗೆ ಬಾಚಣಿಗೆಯ ಹಲ್ಲಿನಂತೆ ಸಮಾನಾಂತರವಾಗಿ ಸಣ್ಣ ನರಗಳು. ಎಲೆ ಕಿತ್ತರೆ ಬಿಳಿ ಹಾಲು ತಟ್ಟನೆ ಒಸರುತ್ತದೆ. ದೂರದಿಂದ ನೋಡಿದರೆ ಕೊಂಬೆಗಳೂ ಸುತ್ತುಸುತ್ತಾಗಿ ಹೊರಟು ಅಂತಸ್ತು ಅಂತಸ್ತಾಗಿ ಕಾಣುತ್ತವೆ. ಹೂವು ಉದುರಿದ ನಂತರದ ತಿಂಗಳುಗಳಲ್ಲಿ ದಾರದಂತೆ ಸಪೂರವಾದ, ಗೇಣಿಗಿಂತಲೂ ಉದ್ದದ ಜೋಡಿ ಕೋಡುಗಳು ಗೊಂಚಲು ಗೊಂಚಲಾಗಿ ನೇತಾಡುತ್ತವೆ.

ಇನ್ನು ಕಣಗಿಲೆ. ಹೆದ್ದಾರಿಯ ನಡುವಿನ ವಿಭಜಕದಲ್ಲಿ ಗುಲಾಬಿ, ಬಿಳಿ, ಕೆಂಪು ಹೂ ಬಿಟ್ಟು ನಿಂತಿರುವ ಪೊದೆ ಅದೇ. ಮರಾಠಿಯಲ್ಲಿ ಕಣ್ಹೇರ್. ದನ ಮುಟ್ಟುವುದಿಲ್ಲ, ನೀರು ಬೇಡ, ಹೊಗೆಗೆ ಹೆದರುವುದಿಲ್ಲ ಎಂಬ ಕಾರಣಕ್ಕೆ ಎಲ್ಲ ಕಡೆ ನೆಡುತ್ತಾರೆ. ಇದರ ಎಲೆಗಳೂ ಸುತ್ತಿನಲ್ಲೇ ಇರುವುದು, ಇದರ ಪಕ್ಕನರಗಳೂ ಸಮಾನಾಂತರವೇ. ಇಲ್ಲೇ ಕಣ್ಣು ಮೋಸ ಹೋಗುವುದು. ಎಣಿಸಿ ನೋಡಿದರೆ ಕಣಗಿಲೆಯದು ಹೆಚ್ಚಾಗಿ ಮೂರರ ಸುತ್ತು. ಎಲೆ ಭರ್ಜಿಯಂತೆ ಸಪೂರ, ಎರಡೂ ತುದಿ ಚೂಪು. ಕೋಡು ನೇತಾಡುವುದಿಲ್ಲ, ಗಿಡ್ಡವಾಗಿ ಸೆಟೆದು ನಿಲ್ಲುತ್ತದೆ. ಬುಡದಿಂದಲೇ ಹಲವು ಕಾಂಡಗಳು ಏಳುತ್ತವೆ, ಪಾಲೆಯಂತೆ ಒಂದೇ ದಪ್ಪ ಬೊಡ್ಡೆ ಇರುವುದಿಲ್ಲ. ಕುದಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ಇದರ ವಿಷಯದಲ್ಲಿ ನಡೆಯುವುದಿಲ್ಲ. 2024ರ ವಸಂತದಲ್ಲಿ ಕೇರಳದ ಆಲಪ್ಪುಳ ಜಿಲ್ಲೆಯ ತರುಣಿಯೊಬ್ಬಳು ಅಂಗಳದ ಕಣಗಿಲೆಯ ಎಲೆಯನ್ನು ತಿಳಿಯದೆ ಅಗಿದು ಮೃತಪಟ್ಟಳೆಂಬ ಶಂಕೆ ಎದ್ದ ಮೇಲೆ ತಿರುವಾಂಕೂರು ಹಾಗೂ ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಸ್ಥಾನಗಳ ನೈವೇದ್ಯ ಪ್ರಸಾದಗಳಲ್ಲಿ ಈ ಹೂವನ್ನು ಬಳಸಕೂಡದೆಂದು ಅದೇ ವರ್ಷದ ಮೇ ತಿಂಗಳಲ್ಲಿ ನಿಷೇಧಿಸಿದುದನ್ನು ಓದುಗರು ಮರೆತಿರಲಾರರು.

ಹಳದಿ ಗಂಟೆಯಂತಹ ಹೂವಿನ ಹಳದಿ ಕಣಗಿಲೆಯೂ ವಿಷವೇ. ಅದರ ಹಸಿರು ಕಾಯಿ ಆಟಕ್ಕೆ ಚೆನ್ನಾಗಿರುವುದರಿಂದ ಮಕ್ಕಳ ಕೈಗೆ ಬೇಗ ಸಿಗುತ್ತದೆ. ಎಲೆ ರಿಬ್ಬನ್ನಿನಂತೆ ಸಪೂರ. ಆದರೆ ಸುತ್ತಿನಲ್ಲಿರದೆ ಒಂದೊಂದಾಗಿ ರೆಂಬೆಯನ್ನು ಬಳಸಿಕೊಂಡು ಮೇಲೇರುತ್ತದೆ. ಮಲಯಾಳಿಗಳು ಒದಳಂಙ ಎನ್ನುವ ಹಿನ್ನೀರಿನ ಬದಿಯ ಮರಕ್ಕೂ ಹಾಲು ಉಂಟು, ಎಲೆ ಪಾಲೆಯಂತೆ ಹೊಳೆಯುತ್ತದೆ. ಅದರಲ್ಲೂ ಎಲೆಗಳು ಒಂದೊಂದಾಗಿ ಹುಟ್ಟಿ ತುದಿಯಲ್ಲಿ ಗುಂಪಾಗಿ ಕಾಣುತ್ತವೆ ಅಷ್ಟೆ, ಒಂದೇ ಗಂಟಿನಿಂದ ಹೊರಡುವುದಿಲ್ಲ. ಅದರ ಬೀಜ ಕಣಗಿಲೆಯಷ್ಟೇ ಅಪಾಯಕಾರಿ.

ಆದುದರಿಂದ ‘ಹಾಲು ಬಂತು, ಹಾಗಾದರೆ ಪಾಲೆ’ ಎಂಬ ಲೆಕ್ಕ ಸರಿಯಲ್ಲ. ಹಾಲು ಬಾರದಿದ್ದರೆ ಅದು ಪಾಲೆಯಲ್ಲ ಎಂದು ಬಿಟ್ಟುಬಿಡಬಹುದು. ಹಾಲು ಬಂದರೆ ಪರೀಕ್ಷೆ ಆರಂಭವಾಯಿತು ಎಂದಷ್ಟೇ ಅರ್ಥ. (ಆ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು, ಕೈ ತೊಳೆಯಬೇಕು.) ಈ ಒಂದು ಮಾತಿನಿಂದಲೇ ಊರಿನ ದೊಡ್ಡ ಶತ್ರು ದೂರವಾಗುತ್ತದೆ. ಅದು ಕಾಸರಕ, ತುಳುವಿನ ಕಾಯೆರ್. ಸ್ಟ್ರಿಕ್ನಿನ್ ಎಂಬ ಘೋರ ವಿಷ ಸಿಗುವುದು ಇದರಿಂದಲೇ, ತೊಗಟೆಯಲ್ಲೂ ವಿಷವಿದೆ. ಇದಕ್ಕೆ ಹಾಲಿಲ್ಲ. ಎಲೆಗಳು ಎದುರುಬದುರಾಗಿ ಎರಡೆರಡು. ದಾಲ್ಚಿನ್ನಿ ಎಲೆಯಲ್ಲಿರುವಂತೆ ಬುಡದಿಂದಲೇ ಮೂರರಿಂದ ಐದು ನರಗಳು ಬಾಗಿ ತುದಿಯ ಕಡೆಗೆ ಓಡುತ್ತವೆ. ಹಣ್ಣು ಪುಟ್ಟ ಕಿತ್ತಳೆಯಂತೆ ದುಂಡಗೆ.

ಆದರೆ ಊರಿನಿಂದ ಬರುವ ಕಟ್ಟಿನಲ್ಲಿ ಎಲೆಯೂ ಇಲ್ಲ, ಹಾಲೂ ಇಲ್ಲ, ಒಣಗಿದ ಕೆತ್ತೆ ಮಾತ್ರ. ಮರದಿಂದ ಬೇರೆಯಾದ ತೊಗಟೆಯನ್ನು ಬರಿಗಣ್ಣಿನಿಂದ ಇಂಥದ್ದೇ ಎಂದು ಹೇಳುವುದು ನಮ್ಮಂಥವರಿಂದ ಆಗದ ಕೆಲಸ. ಕಳುಹಿಸುವವರಿಗೆ ಮೊದಲೇ ಫೋನು ಮಾಡಿ, ಅದೇ ಮರದ ಎಲೆಗಳಿರುವ ಒಂದು ಗೆಲ್ಲನ್ನೂ ಕಟ್ಟಿನೊಳಗೆ ಇಡಲು ಹೇಳಿದರೆ ಒಳ್ಳೆಯದು. ಯಾರು, ಯಾವ ಮರದಿಂದ ತೆಗೆದರು ಎಂದು ತಿಳಿಯದ ಕೆತ್ತೆಯನ್ನು ನೂರಿನ್ನೂರು ಮಂದಿಗೆ ಅರೆದು ಕೊಡುವ ಧೈರ್ಯ ಯಾವ ಸಂಘವೂ ಮಾಡಬಾರದು. ಗರ್ಭಿಣಿಯರು, ಮಕ್ಕಳು, ಹೃದಯದ ಅಥವಾ ರಕ್ತದೊತ್ತಡದ ಔಷಧಿ ಸೇವಿಸುವವರು ನಿಜವಾದ ಪಾಲೆಯ ಕಷಾಯವನ್ನೂ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಹೆಸರುಗಳನ್ನು ನಂಬಿ ಕೆಡುವ ಪ್ರಸಂಗ ಪಾಲೆಯೊಂದರಲ್ಲೇ ಅಲ್ಲ. ಕಂಪೌಂಡಿನ ಗೋಡೆಗುಂಟ ಕಂಬದಂತೆ ನಿಂತಿರುವ ಮರವನ್ನು ಮುಂಬಯಿಯಲ್ಲಿ ಎಲ್ಲರೂ ಅಶೋಕ ಎನ್ನುತ್ತಾರೆ. ಸೀತೆ ಕುಳಿತಿದ್ದ ಅಶೋಕ ಅದಲ್ಲ. ಹೆಂಗಸರ ಔಷಧಿಗೆ ಒದಗುವ ತೊಗಟೆಯೂ ಅದರದಲ್ಲ. ಕಂಬದ ಮರದ ಎಲೆ ಉದ್ದನೆಯದು, ಅಂಚು ಅಲೆ ಅಲೆಯಾಗಿರುತ್ತದೆ, ಒಂದೊಂದೇ ಎಲೆ. ಸೀತಾ ಅಶೋಕದ್ದು ಸಂಯುಕ್ತ ಎಲೆ, ಅಂದರೆ ಒಂದೇ ತೊಟ್ಟಿನಲ್ಲಿ ನಾಲ್ಕಾರು ಜೋಡಿ ಎಲೆತುಂಡುಗಳು. ಚಿಗುರು ತಾಮ್ರದ ಬಣ್ಣದಲ್ಲಿ ಜೋತು ಬೀಳುತ್ತದೆ, ಕಿತ್ತಳೆ-ಕೆಂಪು ಹೂವಿನ ಗೊಂಚಲು ಬೊಡ್ಡೆಗೇ ಅಂಟಿಕೊಂಡಂತೆ ಅರಳುತ್ತದೆ. ಎಲೆ ಒಂಟಿಯೋ ಸಂಯುಕ್ತವೋ ಎಂದು ಅನುಮಾನ ಬಂದರೆ ತೊಟ್ಟಿನ ಕಂಕುಳನ್ನು ನೋಡಿ. ಪುಟ್ಟ ಮೊಗ್ಗು ಇರುವಲ್ಲಿಂದ ಎಲೆ ಶುರು. ಎಲೆತುಂಡುಗಳ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಬಿಲ್ವದ ಮೂರು ದಳ ಸೇರಿ ಒಂದೇ ಪತ್ರೆಯಾಗುವುದೂ ಈ ನ್ಯಾಯದಿಂದಲೇ.

ದಿಲ್ಲಿಯ ಕನ್ನಡಿಗರಿಗೆ ಈ ವ್ಯತ್ಯಾಸ ಯುಗಾದಿಯಂದು ಬೇಕಾಗುತ್ತದೆ. ಅಲ್ಲಿ ಬೇವಿನೊಂದಿಗೆ ಬಕಾಯನ್ ಎಂಬ ಮರವೂ ಹೇರಳ, ನಮ್ಮವರು ಹುಚ್ಚುಬೇವು ಎನ್ನುವುದು ಇದನ್ನೇ. ಬೇವಿನದು ಒಮ್ಮೆ ಮಾತ್ರ ಸೀಳಿದ ಎಲೆ, ಹೂ ಬಿಳಿ. ಬಕಾಯನ್ನಿನ ಎಲೆಯ ಕಡ್ಡಿಯಲ್ಲಿ ಮತ್ತೆ ಕಡ್ಡಿಗಳು ಕವಲೊಡೆದು ಎರಡು ಬಾರಿ ಸೀಳಿರುತ್ತವೆ, ಹೂವಿನಲ್ಲಿ ನೇರಳೆ ಛಾಯೆ. ಅದರ ಹಣ್ಣು ವಿಷ. ಬೇವು-ಬೆಲ್ಲಕ್ಕೆ ನೇರಳೆ ಹೂ ಬಂದಿದ್ದರೆ ತಟ್ಟೆಯನ್ನು ಹಿಂದಕ್ಕೆ ಕಳುಹಿಸುವುದೇ ಲೇಸು. ಪುಣೆ, ಸೋಲಾಪುರಗಳ ಬಾಂಧವರು ದಸರೆಗೆ ಕೊಳ್ಳುವ ‘ಸೋನೆ’ಯಲ್ಲಿ ಅಪಾಯವಿಲ್ಲ, ಬರೀ ಮೋಸ. ಆಪ್ಟಾದ ಎಲೆ ಚಿಕ್ಕದು, ದಪ್ಪ, ಉದ್ದಕ್ಕಿಂತ ಅಗಲ ಹೆಚ್ಚು. ಕಾಂಚನದ ದೊಡ್ಡ ಎಲೆಯನ್ನು ಆಪ್ಟಾ ಎಂದು ಮಾರುವವರೇ ಬಹಳ. ನಮ್ಮ ಬನ್ನಿಯಂತೂ ಎರಡೂ ಅಲ್ಲ, ಅದರ ಎಲೆತುಂಡುಗಳು ತೀರಾ ಸಣ್ಣವು, ರೆಂಬೆಯಲ್ಲಿ ಮುಳ್ಳು.

ಕನ್ನಡದಲ್ಲಿ ಇಂತಹ ನೋಟವನ್ನು ಕಲಿಸಿದವರು ಬಿ. ಜಿ. ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಈ ಹೊರನಾಡ ಕನ್ನಡಿಗ, ವಿದ್ಯಾರ್ಥಿಗಳನ್ನು ಕಾಡುಮೇಡಿಗೆ ಕರೆದೊಯ್ದ ಅನುಭವವನ್ನು ‘ಹಸುರು ಹೊನ್ನು’ ಎಂದು ಬರೆದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೇ. ಸಂಘದ ಗ್ರಂಥಾಲಯದಲ್ಲಿ ಆ ಪುಸ್ತಕ ಇಲ್ಲದಿದ್ದರೆ ತರಿಸಿಕೊಳ್ಳಬೇಕು. ಇಂದು ಫೋನಿನಲ್ಲಿ ಎಲೆಯ ಚಿತ್ರ ತೆಗೆದರೆ ಹೆಸರು ಹೇಳುವ ಆ್ಯಪ್‌ಗಳೂ ಇವೆ. ಹೆಸರು ಊಹಿಸಲು ಅವು ಸಾಕು, ಕಷಾಯ ಕುಡಿಯಲು ಸಾಲವು.

ಇನ್ನೊಂದು ಮಾತು. ರಸ್ತೆಬದಿಯ ಮರದ ಕೆತ್ತೆಯನ್ನು ಸುತ್ತಲೂ ಸುಲಿದರೆ ಮರ ಒಣಗುತ್ತದೆ. ಮಹಾರಾಷ್ಟ್ರದ ನಗರಗಳಲ್ಲಿ ಮರಗಳ ರಕ್ಷಣೆಗೆ 1975ರ ಕಾಯಿದೆಯಿದೆ, ಹಾನಿ ಮಾಡಿದರೂ ಕೇಳುವವರು ಬರುತ್ತಾರೆ. ಸೊಸೈಟಿಯೊಳಗಿನ ಮರವಾದರೆ ಕಾರ್ಯದರ್ಶಿಯ ಒಪ್ಪಿಗೆ ಪಡೆದು, ಒಂದು ಬದಿಯಿಂದ ಅಂಗೈಯಗಲ ತೆಗೆದರೆ ಸಾಕು. ಯಾರಾದರೂ ತಪ್ಪು ಗಿಡದ ಎಲೆಯನ್ನೋ ಕಾಯಿಯನ್ನೋ ತಿಂದರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು, ಆ ಗಿಡದ ಗೆಲ್ಲೊಂದನ್ನು ಜೊತೆಗೆ ಒಯ್ಯಬೇಕು.

ಮರ ಪರಿಚಯಕ್ಕೆ ಆಟಿಯ ಮಳೆ ಸರಿಯಾದ ಕಾಲವಲ್ಲ. ಪಾಲೆ ಹೂ ಬಿಡುವುದು ಮಳೆ ನಿಂತ ಮೇಲೆ, ಅಕ್ಟೋಬರಿನ ಸುಮಾರಿಗೆ. ಹಸಿರು-ಬಿಳಿಯ ಸಣ್ಣ ಹೂವಿನ ಗುಚ್ಛಗಳು, ಸಂಜೆಯಾದರೆ ತಲೆ ನೋಯುವಷ್ಟು ಗಾಢ ಪರಿಮಳ. ಕೆಲವರಿಗೆ ಆ ವಾಸನೆಯೇ ಆಗದು. ಆ ದಿನಗಳಲ್ಲಿ ಮೂಗು ಹಿಡಿದತ್ತ ನಡೆದರೆ ಮರ ತಾನಾಗಿ ಸಿಗುತ್ತದೆ. ಮರುದಿನ ಹಗಲಿನಲ್ಲಿ ಹೋಗಿ ಎಲೆ ಎಣಿಸಿ, ಗಂಟು ನೋಡಿ, ಹಾಲು ನೋಡಿ, ಮರ ಯಾವ ಗೇಟಿನ ಎಡಕ್ಕೋ ಬಲಕ್ಕೋ ಎಂದು ಸಂಘದ ದಫ್ತರಿನಲ್ಲಿ ಬರೆದಿಡಬಹುದು. ಮುಂದಿನ ಆಟಿಗೆ ಇನ್ನೂ ಒಂಬತ್ತು ತಿಂಗಳು ಇರುತ್ತದೆ.