ಬೇಸಿಗೆಯೂ ನಮ್ಮ ಮನೆಯ ಮೂಕಪ್ರಾಣಿಗಳೂ

ಬೇಸಿಗೆಯ ತಾಪವನ್ನು ನಾವು ನಮ್ಮ ಚರ್ಮದಿಂದಲೇ ಅಳೆಯುತ್ತೇವೆ. ಬೆವರು ಬಂದು, ಅದರ ಮೇಲೆ ಗಾಳಿ ಬೀಸಿದರೆ ನಮಗೆ ಹಾಯೆನಿಸುತ್ತದೆ. ನಾವು ಸಾಕಿದ ನಾಯಿಗೂ ಇದೇ ಸುಖವು ದೊರೆಯುವುದೆಂದು ಭಾವಿಸುವುದು ಸಹಜ. ಆದರೆ ಅದರ ಅನೇಕ ಸಂಕಟಗಳಿಗೆ ಈ ಭಾವನೆಯೇ ಮೂಲವಾಗಿದೆ.

ನಾಯಿಯ ಮೈಯನ್ನು ತಣಿಸುವಂಥ ಬೆವರು ಅದರ ಪಾದಗಳ ಅಡಿಯಲ್ಲಲ್ಲದೆ ಬೇರೆಡೆ ಬರುವುದಿಲ್ಲ, ಅದೂ ಅತ್ಯಲ್ಪ. ಒಳಗಿನ ಶಾಖವನ್ನು ಅದು ಮುಖ್ಯವಾಗಿ ತೇಕುವುದರಿಂದಲೇ ಹೊರಹಾಕಬೇಕು. ಬಾಯಿ ತೆರೆದು, ನಾಲಗೆ ಚಾಚಿ, ನಿಮಿಷಕ್ಕೆ ನೂರಾರು ಸಲ ಉಸಿರಾಡುವಾಗ ಬಾಯಿ ಮೂಗುಗಳ ತೇವವು ಆವಿಯಾಗಿ, ಅಲ್ಲಿ ಹರಿಯುವ ರಕ್ತವು ತಂಪಾಗುತ್ತದೆ. ಮಣ್ಣಿನ ಹರವಿಯ ನೀರು ತಣ್ಣಗಾಗುವುದೂ ಇದೇ ನಿಯಮದಿಂದ.

ಈ ನಿಯಮವನ್ನು ಹುಬ್ಬಳ್ಳಿಯ ಕೇಶ್ವಾಪುರದ ಯಾವ ಮನೆಯಲ್ಲಿಯೂ ಪರೀಕ್ಷಿಸಬಹುದು. ಮಾರ್ಚಿ ತಿಂಗಳ ಒಣಗಾಳಿಯಲ್ಲಿ ಹರವಿಯ ನೀರು ಚೆನ್ನಾಗಿ ತಣಿಯುತ್ತದೆ. ಮೇ ತಿಂಗಳಲ್ಲಿ ಅಡ್ಡಮಳೆಗೆ ಮುನ್ನ ಮೋಡ ಕವಿದು ಧಗೆ ಹೆಚ್ಚಿದಾಗ ಅಷ್ಟು ತಣಿಯದು. ಅಂಥ ದಿನ ಉಷ್ಣಮಾಪಕವು ತುಸು ಇಳಿದಿದ್ದರೂ ನಾಯಿಗೆ ಸಂಕಟ ಕಡಿಮೆಯಾಗುವುದಿಲ್ಲ.

ಶಾಖವು ಹೊರಹೋಗುವ ಈ ಬಾಗಿಲನ್ನು ನಾವು ಮುಚ್ಚದಿರುವುದೇ ಮೊದಲ ಕರ್ತವ್ಯ. ಬಾಯಿ ತೆರೆಯಗೊಡದ ಬಿಗಿಯಾದ ಮುಖವಾಡವನ್ನು ಬಿಸಿಲಿನಲ್ಲಿ ತೊಡಿಸಬಾರದು. ತಗಡಿನ ಮಾಡಿನ ಕೆಳಗೆ, ಗಾಳಿಯಾಡದ ಕೋಣೆಯಲ್ಲಿ ಕಟ್ಟಬಾರದು. ಬಿಸಿಲಿನಲ್ಲಿ ನಿಂತ ಮೋಟಾರು ಕಾರಿನ ಒಳಗಿನ ಉಷ್ಣತೆಯು 10 ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು. ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ನಮ್ಮ ಸೀಮೆಯ ಮುಧೋಳದ ನಾಯಿಗೆ ನೀಳವಾದ ಮೂತಿಯೂ ಗಿಡ್ಡ ಕೂದಲೂ ಇವೆ. ಚಪ್ಪಟೆ ಮೂಗಿನ ಪಗ್ ಜಾತಿಗೆ ಆ ಅನುಕೂಲವಿಲ್ಲವಾದುದರಿಂದ ಅದನ್ನು ಸಾಕುವವರು ಇಮ್ಮಡಿ ಎಚ್ಚರದಿಂದಿರಬೇಕು.

ತಿರುಗಾಟವು ಸೂರ್ಯೋದಯಕ್ಕೆ ಮುನ್ನ ಮುಗಿಯಲಿ. ಸಂಜೆ ಗಾಳಿ ತಂಪಾದರೂ ಡಾಂಬರು ರಸ್ತೆಯು ಬಹುಹೊತ್ತು ಕಾದಿರುತ್ತದೆ. ಕೈಯ ಹಿಂಬದಿಯನ್ನು ನೆಲಕ್ಕೆ 5 ಸೆಕೆಂಡು ಊರಿ ನೋಡಬೇಕು; ನಮಗೆ ಸಹಿಸಲಾಗದ ನೆಲವು ಅದರ ಪಾದಗಳನ್ನೂ ಸುಡುತ್ತದೆ. ಬೆಕ್ಕು ಮೈಯನ್ನು ನೆಕ್ಕಿ ಆ ತೇವದಿಂದ ತಂಪಾಗುತ್ತದೆ. ಅದಕ್ಕೆ ನೆರಳೂ ಎರಡು ಮೂರು ಕಡೆ ಶುದ್ಧವಾದ ನೀರೂ ಬೇಕು. ಪಂಜರದ ಹಕ್ಕಿಯು ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ಅದನ್ನು ಕೂಡಲೇ ನೆರಳಿಗೆ ಸರಿಸಬೇಕು.

ನಾಯಿಯ ಸಹಜವಾದ ಶರೀರೋಷ್ಣತೆಯು ಸುಮಾರು 38.5 ಡಿಗ್ರಿ ಸೆಂಟಿಗ್ರೇಡ್. ಬಿಸಿಲಿನ ಬೇಗೆಯಿಂದ ಅದು 41ನ್ನು ಮೀರಿದರೆ ಪ್ರಾಣಾಪಾಯವುಂಟು. ತೇಕು ನಿಲ್ಲದಿರುವುದು, ಅಂಟಾದ ಜೊಲ್ಲು, ಕಡುಗೆಂಪಾದ ವಸಡು, ತೂರಾಡುವ ನಡಿಗೆ, ವಾಂತಿ, ಇವು ಅಪಾಯದ ಚಿಹ್ನೆಗಳು. ಆಗ ನೆರಳಿಗೆ ಒಯ್ದು, ಮೈಯೆಲ್ಲ ತೋಯುವಂತೆ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ ಪಶುವೈದ್ಯರಲ್ಲಿಗೆ ಸಾಗಿಸಬೇಕು. ಒದ್ದೆ ಬಟ್ಟೆಯನ್ನು ಹೊದಿಸಿ ಬಿಟ್ಟರೆ ಶಾಖವು ಒಳಗೇ ಉಳಿಯುವುದು. ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ನೀರು ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದೀತು.

ಬಾಯಾರಿಕೆಯನ್ನು ಹೇಳಿಕೊಳ್ಳಲು ಈ ಪ್ರಾಣಿಗಳಿಗೆ ಮಾತಿಲ್ಲ; ಬಾಗಿಲು ತೆಗೆದು ನೆರಳಿಗೆ ಹೋಗುವ ಸ್ವಾತಂತ್ರ್ಯವನ್ನೂ ನಾವು ಅವುಗಳಿಗೆ ಉಳಿಸಿಲ್ಲ. ಆದುದರಿಂದ ಕಟ್ಟಿದವರೇ ನೆರಳನ್ನೂ ನೀರನ್ನೂ ಗಾಳಿಯನ್ನೂ ಒದಗಿಸತಕ್ಕದ್ದು.