ಗಲ್ಲಿನ ಸುದ್ದಿ ಹೊತ್ತು ನಡೆದ ಹಾಡು

ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಬೀಡಿಯ ಕಚೇರಿ ಸುಟ್ಟವನು, ಖಜಾನೆಗೆ ಕೈಹಾಕಿದವನು ಎಂದು ಕಂಪನಿ ಸರಕಾರ ಅವನನ್ನು ಬಂಡುಕೋರರ ಪಟ್ಟಿಗೆ ಸೇರಿಸಿ ಕಡತ ಮುಚ್ಚಿತು. ಆ ಸುದ್ದಿ ಕನ್ನಡ ಪತ್ರಿಕೆಯಲ್ಲಿ ಬರುವಂತಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹುಟ್ಟಿದ್ದೇ 1843ರಲ್ಲಿ. ಹಾಗಿದ್ದೂ ಬೆಳಗಾವಿ, ಧಾರವಾಡ ಸೀಮೆಯ ಹಳ್ಳಿಹಳ್ಳಿಗೆ ರಾಯಣ್ಣ ಗೊತ್ತು. ಅವನು ಎಲ್ಲಿ ಸ್ನಾನಕ್ಕಿಳಿದಾಗ ಸಿಕ್ಕಿಬಿದ್ದ, ಸಂಗಡ ಇದ್ದವರೇ ಹೇಗೆ ಹಿಡಿದುಕೊಟ್ಟರು ಎಂಬುದೆಲ್ಲ ಗೊತ್ತು. ಈ ಸುದ್ದಿ ಹೊತ್ತು ನಡೆದವರು ಲಾವಣಿಕಾರರು.

ಲಾವಣಿಯೆಂದರೆ ಹಾಡಿನ ರೂಪದ ಕಥೆ. ಕಟ್ಟುವವನೂ ಹಾಡುವವನೂ ಬಹುಮಟ್ಟಿಗೆ ಒಬ್ಬನೇ. ಕೈಯಲ್ಲಿ ದಪ್ಪು, ಪಕ್ಕದಲ್ಲಿ ತುಂತುಣಿ ಮತ್ತು ತಾಳ ಹಿಡಿದ ಇಬ್ಬರು. ಮುಂದಿನವನು ನುಡಿ ಬಿಟ್ಟೊಡನೆ ಹಿಂದಿನವರು ‘ಗೀ ಗೀ’ ಎಂದು ಎತ್ತಿಕೊಳ್ಳುತ್ತಾರೆ. ಗೀಗೀ ಪದವೆಂಬ ಹೆಸರು ಬಂದದ್ದು ಹಾಗೆ. ನಡುನಡುವೆ ಹಾಡು ನಿಲ್ಲಿಸಿ ಮಾತಿನಲ್ಲಿ ಕಥೆ ಬಿಡಿಸುವುದೂ ಉಂಟು. ಕೊನೆಗೆ ತನ್ನ ಊರು, ತನ್ನ ಗುರು, ತನ್ನ ಹೆಸರು ಹೇಳಿ ಮುಗಿಸುತ್ತಾನೆ. ವಚನಕಾರರಿಗೆ ಅಂಕಿತವಿದ್ದಂತೆ ಇದು ಲಾವಣಿಕಾರನ ರುಜು.

ಜಾತ್ರೆಯಲ್ಲಿ ಎರಡು ಮೇಳ ಎದುರುಬದುರಾದರೆ ಬೆಳಗಿನವರೆಗೂ ವಾದ. ಹರದೇಶಿಯವರು ಪುರುಷ ಹೆಚ್ಚೆಂದು, ನಾಗೇಶಿಯವರು ಶಕ್ತಿ ಹೆಚ್ಚೆಂದು ಹಟ ಹಿಡಿಯುತ್ತಾರೆ. ಒಬ್ಬರು ಹಾಡಿನಲ್ಲಿ ಒಗಟು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಬಿಡಿಸಬೇಕು. ಇದೇ ಜಗಳ ಮರಾಠಿಯಲ್ಲಿ ಕಲಗಿ-ತುರಾ ಎಂಬ ಹೆಸರಿನಿಂದ ನಡೆಯುತ್ತದೆ. ಭಾಷೆಯ ಹೆಸರಿನಲ್ಲಿ ಬಹಳ ವಾದ ಕಂಡ ಬೆಳಗಾವಿ ಗಡಿಯಲ್ಲಿ, ಹಾಡಿನ ಈ ಹಳೆಯ ವಾದ ಎರಡೂ ಭಾಷೆಯವರಿಗೆ ಒಂದೇ ಆಗಿತ್ತೆಂಬುದು ನೆನಪಿಡಬೇಕಾದ ಸಂಗತಿ.

ಈ ಹಾಡುಗಳು ಕಾಗದಕ್ಕೆ ಇಳಿದ ಬಗೆ ವಿಚಿತ್ರವಾಗಿದೆ. ಶಾಸನತಜ್ಞನೆಂದು ಹೆಸರಾದ ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಇಲಾಖೆಯ ಅಧಿಕಾರಿ. ಅವನು ಈ ಭಾಗದ ಹಾಡುಗಾರರಿಂದ ಲಾವಣಿಗಳನ್ನು ಸಂಗ್ರಹಿಸಿ, 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದ ಸಹಿತ ಅಚ್ಚು ಹಾಕಿಸಿದ. ಮೊದಲಲ್ಲೇ ರಾಯಣ್ಣನ ಹಾಡಿತ್ತು. ಸರಕಾರ ಗಲ್ಲಿಗೇರಿಸಿದವನ ಹೊಗಳಿಕೆಯನ್ನು ಅದೇ ಸರಕಾರದ ನೌಕರ ಬರೆದುಕೊಂಡ! 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ನಿಂತ ಹಲಗಲಿಯ ಬೇಡರ ಹಾಡೂ, ಬೈಲಹೊಂಗಲದ ಸಂಗ್ಯಾನ ಕೊಲೆಯ ಕಥೆಯೂ ಅಲ್ಲಿವೆ. ಇನ್ನೊಂದು ಹಾಡಂತೂ ವರಮಾನ ತೆರಿಗೆಯ ಮೇಲೆ! 1860ರಲ್ಲಿ ಬಂದ ಈ ತೆರಿಗೆ ಮಂದಿಯನ್ನು ಹೇಗೆ ಕಾಡಿತೆಂದು ತಿಳಿಯಲು ಸರಕಾರದ ವರದಿಗಿಂತ ಈ ಹಾಡೇ ಮೇಲು.

ಅದೇ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿದ್ದ ಐರ್ಲೆಂಡಿನಲ್ಲೂ ಹೀಗೆಯೇ ಆಯಿತು. ಅಲ್ಲಿನ 1798ರ ಬಂಡಾಯದಲ್ಲಿ ನೇಣು ಕಂಡವರು ಸಂತೆಯಲ್ಲಿ ಹಾಡಿ ಮಾರುವ ಒಂದೊಂದು ಹಾಳೆಯ ಪದಗಳಲ್ಲಿ ಉಳಿದರು. ಆ ಪದಗಳನ್ನು ಹೊಸಬರು ಇಂದಿಗೂ ಗಿಟಾರು ಹಿಡಿದು, ಹಿಂದುಮುಂದಿನ ಕಥೆ ಹೇಳುತ್ತ, ದೇಶದಿಂದ ದೇಶಕ್ಕೆ ಒಯ್ಯುತ್ತಾರೆ.

ನಮ್ಮ ಕಡೆ ಹಾಗೆ ಊರೂರು ಸುತ್ತಿದ ಹಾಡುಗಾರ ಯಾರು ಎಂದರೆ ಉತ್ತರ ಕರ್ನಾಟಕದ ಹಿರಿಯರು ಕೂಡಲೇ ಹೇಳುವ ಹೆಸರು ಬಾಳಪ್ಪ ಹುಕ್ಕೇರಿ. ಹುಕ್ಕೇರಿ ಅಡ್ಡಹೆಸರು ಮಾತ್ರ. ಹುಟ್ಟಿದ್ದು 1911ರಲ್ಲಿ, ಇದೇ ಜಿಲ್ಲೆಯ ಮುರಗೋಡದಲ್ಲಿ. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಸಭೆಯಿಂದ ಸಭೆಗೆ ಅವರ ಹಾಡು ಹೋಯಿತು. ಬೆಳಗಾವಿಗೆ ಇದೇನೂ ಹೊಸತಲ್ಲ: ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ ಊರು ಇದು.

ಬಾಳಪ್ಪನವರ ಹೆಚ್ಚುಗಾರಿಕೆ ಬೇರೆ ಕಡೆಯಿದೆ. ಅವರು ಜನಪದ ಹಾಡುಗಳ ಜೊತೆಗೆ ಬೇಂದ್ರೆಯವರ ಮತ್ತು ಗೋಕಾಕ ಸೀಮೆಯ ಬೆಟಗೇರಿ ಕೃಷ್ಣಶರ್ಮರ, ಎಂದರೆ ಆನಂದಕಂದರ, ಕವನಗಳನ್ನು ಹಳ್ಳಿಯ ಕಟ್ಟೆಗೆ ಒಯ್ದರು. ಅಕ್ಷರ ಬಾರದವರೂ ಆಧುನಿಕ ಕವಿತೆಯನ್ನು ಗುನುಗಿದರು. ಆ ಕವಿಗಳಿಬ್ಬರೂ ಜನರ ಬಾಯಿಂದಲೇ ಮಟ್ಟು ಎತ್ತಿಕೊಂಡವರಾದ್ದರಿಂದ ಬಾಳಪ್ಪನವರು ಒಂದರ್ಥದಲ್ಲಿ ಸಾಲ ತೀರಿಸಿದರು ಎನ್ನಬಹುದು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ಆ ಮೇಲೆ ಹಾಡು ಊರಿಗೆ ಬರಲು ಹಾಡುಗಾರನೇ ಬರಬೇಕೆಂದಿರಲಿಲ್ಲ. ‘ಸಾವಿರ ಹಾಡಿನ ಸರದಾರ’ ಎಂಬ ಬಿರುದು ಹೊತ್ತ ಅವರು ತೀರಿಕೊಂಡದ್ದು 1992ರಲ್ಲಿ.

ಇಲ್ಲೊಂದು ತಿರುವುಮುರುವು ಕಾಣುತ್ತದೆ. ರಾಯಣ್ಣನ ಹಾಡು ಕಟ್ಟಿದವರ ಮಾತು ಅಚ್ಚಿನಲ್ಲಿ ಉಳಿಯಿತು, ಕಂಠ ಹೋಯಿತು. ಬಾಳಪ್ಪನವರ ವಿಷಯದಲ್ಲಿ ಉಳಿದದ್ದು ಕಂಠದ ನೆನಪು. ಮಾತು ಬಹುಪಾಲು ಬೇರೆಯವರದು. ಎರಡನ್ನೂ ಒಬ್ಬನೇ ಹಿಡಿದಿದ್ದ ಹಳೆಯ ಲಾವಣಿಕಾರನ ಜಾಗ ನಡುವೆ ಎಲ್ಲೋ ಬರಿದಾಯಿತು.

ನಂದಗಡದಲ್ಲಿ ರಾಯಣ್ಣನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಾಗಲೆಂದು ತೊಟ್ಟಿಲು ಕಟ್ಟುವ ರೂಢಿಯಿದೆ. 2012ರಲ್ಲಿ ಅವನ ಮೇಲೆ ದೊಡ್ಡ ಸಿನಿಮಾ ಬಂತು. 2016ರಲ್ಲಿ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಅವನ ಹೆಸರಿಟ್ಟರು. ಗೀಗೀ ಮೇಳಗಳು ಮಾತ್ರ ವಿರಳವಾಗಿವೆ. ಜಾತ್ರೆಯ ಕರೆ ಕಡಿಮೆಯಾದ ಮೇಲೆ ಕೆಲವು ಮೇಳಗಳಿಗೆ ಆಸರೆಯಾದದ್ದು ಸರಕಾರಿ ಪ್ರಚಾರದ ಕೆಲಸ: ಸಾಕ್ಷರತೆ, ಆರೋಗ್ಯ, ಮತದಾನ. ತೆರಿಗೆ ಹಾಕಿದ ಸರಕಾರವನ್ನು ಹಾಡಿನಲ್ಲಿ ತರಾಟೆಗೆ ತೆಗೆದುಕೊಂಡವರ ದಪ್ಪು ಈಗ ಯೋಜನೆಗಳ ಗುಣಗಾನಕ್ಕೂ ಬಡಿಯುತ್ತದೆ, ಗೌರವಧನಕ್ಕೆ.