ಮುಳುಗಿದ ಭತ್ತ ಬದುಕುವ ಬಗೆ

ಭತ್ತ ನೀರಿನಲ್ಲಿ ಬೆಳೆಯುವ ಪೈರು. ಆದರೂ ನೆರೆ ಬಂದು ಪೈರು ತುದಿಯವರೆಗೆ ಮುಳುಗಿದರೆ ಹೆಚ್ಚಿನ ತಳಿಗಳು ಒಂದು ವಾರ ತಾಳುವುದೂ ಕಷ್ಟ. ಎರಡು ವಾರ ಮುಳುಗಿದ್ದು, ನೀರು ಇಳಿದೊಡನೆ ಮತ್ತೆ ಚಿಗುರುವ ಭತ್ತವೂ ಉಂಟು. ಈ ವ್ಯತ್ಯಾಸ ಬರುವುದು ವಂಶವಾಹಿಗಳು ಕೆಲಸ ಮಾಡುವ ರೀತಿಯಿಂದ.

ಪೈರಿನ ಪ್ರತಿಯೊಂದು ಜೀವಕೋಶದಲ್ಲಿಯೂ ಸಾವಿರಾರು ವಂಶವಾಹಿಗಳಿವೆ. ಅವೆಲ್ಲವೂ ಸದಾ ಕೆಲಸದಲ್ಲಿರುವುದಿಲ್ಲ. ಕಣಜದಲ್ಲಿ ಹತ್ತು ಬಗೆಯ ಬೀಜವಿದ್ದರೂ ನಾವು ಹದ ನೋಡಿ ಬೇಕಾದುದನ್ನಷ್ಟೇ ತೆಗೆದು ಬಿತ್ತುವುದಿಲ್ಲವೇ? ಹಾಗೆಯೇ ಬರ, ಚಳಿ, ಉಪ್ಪು, ನೆರೆ ಇವುಗಳಿಗೆ ತಕ್ಕಂತೆ ಕೆಲವು ವಂಶವಾಹಿಗಳು ಎಚ್ಚರಗೊಳ್ಳುತ್ತವೆ, ಕೆಲವು ಸುಮ್ಮನಾಗುತ್ತವೆ.

ಪೈರು ಮುಳುಗಿದಾಗ ಅದರೊಳಗೆ ಹುಟ್ಟುವ ಎಥಿಲೀನ್ ಅನಿಲ ಹೊರಹೋಗಲಾರದೆ ಶೇಖರವಾಗುತ್ತದೆ. ನೆರೆಯ ಸುದ್ದಿ ಜೀವಕೋಶಗಳಿಗೆ ಮುಟ್ಟುವುದು ಇದರಿಂದಲೇ. ಸಾಮಾನ್ಯ ತಳಿಗಳಲ್ಲಿ ಆಗ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಚೋದಕದ ಪ್ರಭಾವ ಹೆಚ್ಚಿ, ಎಲೆ ಮತ್ತು ಕಾಂಡ ನೀರಿನಿಂದ ಮೇಲೆ ಬರಲು ನೀಳವಾಗಿ ಬೆಳೆಯುತ್ತವೆ. ಕೂಡಿಟ್ಟ ಪಿಷ್ಟವೆಲ್ಲ ಇದಕ್ಕೇ ಖರ್ಚಾಗುತ್ತದೆ. ನೀರು ಇಳಿದಾಗ ಪೈರು ನಿಲ್ಲಲಾರದೆ ಬಿದ್ದು ಸಾಯುತ್ತದೆ.

ಒಡಿಶಾದ ನಾಟಿ ಭತ್ತದಿಂದ ಆರಿಸಿದ ಎಫ್.ಆರ್. 13ಎ ತಳಿ ಹೀಗೆ ಮಾಡುವುದಿಲ್ಲ. ಅದರಲ್ಲಿರುವ ಸಬ್-1ಎ ಎಂಬ ವಂಶವಾಹಿಯನ್ನು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹಾಗೂ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2006ರಲ್ಲಿ ಗುರುತಿಸಿ ಪ್ರಕಟಿಸಿದರು. ಇದು ಬೇರೆ ವಂಶವಾಹಿಗಳನ್ನು ನಡೆಸುವ ಮೇಸ್ತ್ರಿಯಂತೆ. ಎಥಿಲೀನ್ ತುಂಬಿದೊಡನೆ ಎಚ್ಚೆತ್ತು, ಜಿಬ್ಬರೆಲಿನ್ ಮಾತಿಗೆ ಪೈರು ಓಗೊಡದಂತೆ ತಡೆಯುತ್ತದೆ. ಬೆಳವಣಿಗೆ ನಿಲ್ಲುತ್ತದೆ, ಪಿಷ್ಟ ಉಳಿಯುತ್ತದೆ, ಉಳಿದ ಪಿಷ್ಟದಿಂದ ಹೊಸ ಎಲೆ ಬರುತ್ತದೆ. ಈ ಗುಣವನ್ನು ಸಂಕರಣದಿಂದ ಸ್ವರ್ಣ ಭತ್ತಕ್ಕೆ ತಂದು ಪಡೆದ ಸ್ವರ್ಣ-ಸಬ್1 ನಮ್ಮ ದೇಶದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಇದು ಕುಲಾಂತರಿ ತಳಿಯಲ್ಲ, ಹೈಬ್ರಿಡ್ಡೂ ಅಲ್ಲ. ಬೆರಕೆಯಾಗದಂತೆ ನೋಡಿಕೊಂಡರೆ ರೈತರು ತಮ್ಮ ಬೀಜವನ್ನೇ ಮತ್ತೆ ಬಿತ್ತಬಹುದು.

ಹಾಗೆಂದು ಇದು ಎಲ್ಲ ಗದ್ದೆಗೂ ಮದ್ದೆಂದು ತಿಳಿಯಬಾರದು. ಮೊಳಕೆಯ ವೇಳೆಗಾಗಲಿ ಹೂ ಬಿಡುವಾಗಾಗಲಿ ನೆರೆ ಬಂದರೆ ಸಬ್-1ಎ ನೆರವಾಗದು. ತಿಂಗಳುಗಟ್ಟಲೆ ಮೊಣಕಾಲುದ್ದ ನೀರು ನಿಲ್ಲುವ ಕಡೆ ಬೆಳವಣಿಗೆ ನಿಲ್ಲಿಸುವ ಗುಣವೇ ತೊಡಕಾಗಬಹುದು. ಉಪ್ಪನ್ನು ತಾಳುವ ಗುಣ ಇದರಲ್ಲಿಲ್ಲ. ಅಘನಾಶಿನಿಯ ಗಜನಿಗಳಿಗೆ ಕಗ್ಗ ಭತ್ತವೇ ಸರಿ.

ತಳಿ ಯಾವುದೇ ಇರಲಿ, ನೆರೆಯ ಭೀತಿಯಿರುವ ತಗ್ಗು ಗದ್ದೆಗಳಿಗೆ ತೀರ ಎಳೆಯ ಸಸಿ ನಾಟಿ ಮಾಡಬಾರದು. ನೆರೆಗೆ ಮುನ್ನ ಯೂರಿಯಾವನ್ನು ಹೆಚ್ಚಾಗಿ ಕೊಟ್ಟರೆ ಪೈರು ಮೆದುವಾಗಿ ಬೇಗ ಸಾಯುತ್ತದೆ. ನೀರು ಇಳಿದ ಮರುದಿನವೇ ಗೊಬ್ಬರ ಎರಚುವ ಆತುರವನ್ನು ಹಲವೆಡೆ ಕಾಣುತ್ತೇವೆ. ಅದು ಹಣ ದಂಡ. ಕೊಳೆತಂತೆ ಕಂಡ ಪೈರನ್ನೂ ಕೂಡಲೇ ಉತ್ತುಹಾಕದೆ, ಬುಡವನ್ನು ಹಿಸುಕಿ ಗಟ್ಟಿಯಿದೆಯೇ ನೋಡಿರಿ. ಒಂದು ವಾರ ಕಾದು, ಹೊಸ ಎಲೆ ಮೂಡಿದ ಮೇಲೆ ಸಾರಜನಕ ಕೊಡಿರಿ. ಅಲ್ಲಲ್ಲಿ ಸತ್ತ ಗುಣಿಗಳಿಗೆ ಬದುಕಿದ ಗುಣಿಗಳಿಂದಲೇ ತೆಂಡೆ ಬಿಡಿಸಿ ನೆಡಬಹುದು.